ಕಾಲಡಿಯ ಕಾಡನ್ನು ಎಬ್ಬಿಸೋಣ ಬನ್ನಿ

ಜೂನ್ ಬಂತೆಂದರೆ ನಾಡಿನ ತುಂಬ ಗುಂಡಿಗಳು. ಶಾಲೆಯ ಅಂಗಳದಲ್ಲಿ ಗುಂಡಿ, ಕೆರೆಯ ದಂಡೆಯಲ್ಲಿ ಗುಂಡಿ, ಊರಾಚೆಯ ಬೋಳುಗುಡ್ಡದ ಮೇಲೆ ಸಾಲುಸಾಲು ಗುಂಡಿ. ಕಪ್ಪು ಪ್ಲಾಸ್ಟಿಕ್ ಚೀಲದ ಸಸಿಗಳು ಟ್ರ್ಯಾಕ್ಟರಿನಲ್ಲಿ ಬಂದಿಳಿಯುತ್ತವೆ, ಗಣ್ಯರು ಒಂದೊಂದಕ್ಕೆ ಕೈ ಹಚ್ಚುತ್ತಾರೆ, ಫೋಟೊ ಆಗುತ್ತದೆ, ಉಪ್ಪಿಟ್ಟು ಕೇಸರಿಬಾತು ಹಂಚಿ ಮುಗಿಯುತ್ತದೆ. 1950ರಲ್ಲಿ ಕೆ. ಎಂ. ಮುನ್ಷಿಯವರು ವನಮಹೋತ್ಸವ ಆರಂಭಿಸಿದಂದಿನಿಂದ ನಾವು ಈ ಹಬ್ಬ ಮಾಡುತ್ತಲೇ ಇದ್ದೇವೆ. ಹಬ್ಬದ ಬಗ್ಗೆ ನನ್ನ ತಕರಾರಿಲ್ಲ. ಆದರೆ ತರುಣ ಗೆಳೆಯರೇ, ನಿಮ್ಮನ್ನು ಒಂದು ಮಾತು ಕೇಳಬೇಕು. ಗುಂಡಿಯಿಂದ ಎತ್ತಿ ಪಕ್ಕಕ್ಕೆ ಎಸೆದೆವಲ್ಲ, ಆ ಮಣ್ಣಿನಲ್ಲಿ ಏನಿತ್ತೆಂದು ನಮ್ಮಲ್ಲಿ ಯಾರಾದರೂ ಬಗ್ಗಿ ನೋಡಿದ್ದೇವೆಯೇ?

ಅಲ್ಲಿ ಬೀಜವಿತ್ತು. ಹಕ್ಕಿ ಉಗುಳಿದ ಬೀಜ, ಗಾಳಿ ತಂದ ಬೀಜ, ಹೋದ ವರ್ಷದ ಬೀಜ, ನೀವು ಇನ್ನೂ ಒಂದನೇ ತರಗತಿಯಲ್ಲಿದ್ದಾಗ ಬಿದ್ದು ಇಂದಿಗೂ ಉಸಿರು ಹಿಡಿದುಕೊಂಡಿರುವ ಬೀಜ. ನಾವು ಯಾವ ಕಾಡನ್ನು ಬೆಳೆಸಬೇಕೆಂದು ನರ್ಸರಿಗೆ ದುಡ್ಡು ಕಟ್ಟಿ ಬಂದೆವೋ, ಆ ಕಾಡಿನ ಒಂದು ಪಾಲು ನಮ್ಮ ಕಾಲಡಿಯಲ್ಲೇ ಮಲಗಿತ್ತು. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕಾಗಿ ಊರೆಲ್ಲ ಅಲೆದ ಹಾಗಾಯಿತು ನಮ್ಮ ಕಥೆ.

ಅಷ್ಟು ಮಣ್ಣಿನಲ್ಲಿ ಎಷ್ಟು ಬೀಜ ಇದ್ದೀತು ಎಂದು ನಗುವವರಿಗೆ ಚಾರ್ಲ್ಸ್ ಡಾರ್ವಿನ್ ಎಂದೋ ಉತ್ತರ ಕೊಟ್ಟಿದ್ದಾನೆ. ಆತ ಒಂದು ಫೆಬ್ರವರಿಯಲ್ಲಿ ಪುಟ್ಟ ಕೊಳವೊಂದರ ಅಂಚಿನಿಂದ ಮೂರು ದೊಡ್ಡ ಚಮಚೆಯಷ್ಟು ಕೆಸರು ತಂದ. ಒಣಗಿದ ಮೇಲೆ ಅದರ ತೂಕ ಇನ್ನೂರು ಗ್ರಾಮನ್ನೂ ಮುಟ್ಟಲಿಲ್ಲ. ಅದನ್ನೆಲ್ಲ ಒಂದು ಕಪ್ಪಿಗೆ ಹಾಕಿ ತನ್ನ ಓದುಕೋಣೆಯಲ್ಲಿ ಮುಚ್ಚಿಟ್ಟ. ಆರು ತಿಂಗಳ ಕಾಲ, ಮೊಳೆತ ಒಂದೊಂದು ಗಿಡವನ್ನೂ ಕಿತ್ತು ಎಣಿಸಿದ. ಒಟ್ಟು 537 ಗಿಡ! ಒಂದು ಕಪ್ಪು ಕೆಸರಿನಲ್ಲಿ! ಈ ಲೆಕ್ಕವನ್ನು ಆತ 1859ರ ತನ್ನ ಪ್ರಸಿದ್ಧ ಗ್ರಂಥದಲ್ಲೇ ಬರೆದಿಟ್ಟ. ಜಗತ್ತಿನ ಚಿಂತನೆಯನ್ನೇ ಬದಲಿಸಿದ ಮನುಷ್ಯ ಕುಳಿತು ಕೆಸರಿನ ಮೊಳಕೆ ಎಣಿಸುತ್ತಿದ್ದ ಎಂಬುದನ್ನು ಸ್ವಲ್ಪ ಯೋಚಿಸಿ. ಎಣಿಸುವುದು ಸಣ್ಣ ಕೆಲಸವೆಂದು ಇನ್ನು ಯಾರೂ ನಿಮಗೆ ಹೇಳದಿರಲಿ.

ಬೀಜ ಮಣ್ಣಿನಲ್ಲಿ ಸುಮ್ಮನೆ ಬಿದ್ದಿರುತ್ತದೆ ಎಂದುಕೊಳ್ಳಬೇಡಿ. ಅದು ಕಾಯುತ್ತಿರುತ್ತದೆ, ಕಾಯುತ್ತ ಸುತ್ತಲನ್ನು ಅಳೆಯುತ್ತಿರುತ್ತದೆ. ನೆತ್ತಿಯ ಮೇಲೆ ದಟ್ಟ ಮರಗಳಿದ್ದರೆ ಅವುಗಳ ಎಲೆಗಳು ಬಿಸಿಲಿನ ಕೆಂಪು ಕಿರಣಗಳನ್ನು ಹೀರಿಕೊಂಡು, ಅದರಾಚೆಯ ದೂರಗೆಂಪು ಕಿರಣಗಳನ್ನು ಕೆಳಕ್ಕೆ ಬಿಡುತ್ತವೆ. ಬೀಜದೊಳಗಿರುವ ಫೈಟೊಕ್ರೋಮ್ ಎಂಬ ವರ್ಣದ್ರವ್ಯ ಈ ವ್ಯತ್ಯಾಸವನ್ನು ಗುರುತಿಸುತ್ತದೆ. ದೂರಗೆಂಪು ಹೆಚ್ಚಿದ್ದರೆ ಮೇಲೆ ನೆರಳಿದೆ, ಈಗ ಏಳಬೇಡ ಎಂದರ್ಥ. ಮುದಿಮರವೊಂದು ಗಾಳಿಮಳೆಗೆ ಉರುಳಿ ಕಾಡಿನ ಚಾವಣಿಯಲ್ಲಿ ಕಿಂಡಿ ಬಿದ್ದ ದಿನ, ನೇರ ಬಿಸಿಲು ನೆಲ ಮುಟ್ಟಿದ ದಿನ, ಅದೇ ದ್ರವ್ಯ ಒಳಗಿನಿಂದ ಬಾಗಿಲು ತೆರೆಯುತ್ತದೆ. ಅಮೆರಿಕದ ಬೆಲ್ಟ್ಸ್‌ವಿಲ್‌ನ ವಿಜ್ಞಾನಿಗಳು 1952ರಲ್ಲಿ ಈ ಗುಟ್ಟನ್ನು ಬಿಡಿಸಿದ್ದು ಲೆಟಿಸ್ ಸೊಪ್ಪಿನ ಬೀಜಗಳಿಂದ. ಮಲೆನಾಡಿನಲ್ಲಿ ಅದನ್ನು ನೋಡಲು ಪ್ರಯೋಗಾಲಯವೇ ಬೇಡ. ದೊಡ್ಡ ಮರ ಬಿದ್ದ ಜಾಗಕ್ಕೆ ಎರಡು ಮಳೆಗಾಲ ಕಳೆದು ಹೋಗಿ ನೋಡಿ, ಉಪ್ಪಳಿಗೆ ಗಿಡಗಳು ತಮ್ಮ ಅಗಲ ಎಲೆ ಹರಡಿಕೊಂಡು ಜಾಗ ಹಿಡಿದಿರುತ್ತವೆ. ಅವನ್ನು ಯಾರು ನೆಟ್ಟರು? ಯಾರು ನೀರು ಹಾಕಿದರು? ಯಾರೂ ಇಲ್ಲ. ಬೆಳಕು ಬಿತ್ತು, ಎದ್ದವು.

ಎಲ್ಲ ಬೀಜಕ್ಕೂ ಬೆಳಕೊಂದೇ ಕರೆಯಲ್ಲ. ಕಕ್ಕೆಯ ಬೀಜಕ್ಕೆ ಗಟ್ಟಿ ಸಿಪ್ಪೆ, ಅದು ಸವೆಯದೆ ನೀರು ಒಳಗೆ ಇಳಿಯುವುದಿಲ್ಲ. ಕರಡಿಯ ಹೊಟ್ಟೆಯನ್ನು ಹಾದು ಬಂದರೆ ಅದರ ಕೆಲಸ ಸಲೀಸು. ತೇಗದ ಬೀಜವನ್ನು ನರ್ಸರಿಯವರು ನೀರಲ್ಲಿ ನೆನೆಸಿ, ಬಿಸಿಲಲ್ಲಿ ಒಣಗಿಸಿ, ಮತ್ತೆ ನೆನೆಸಿ, ಮತ್ತೆ ಒಣಗಿಸಿ ಎಬ್ಬಿಸುತ್ತಾರೆ. ಕಾಡಿನಲ್ಲಿ ಅದೇ ಕೆಲಸವನ್ನು ಬಿಟ್ಟುಬಿಟ್ಟು ಬರುವ ಮಳೆ ಮಾಡುತ್ತದೆ. ಕೆಲವು ನಾಡುಗಳ ಬೀಜಗಳು ಹೊಗೆಯನ್ನೂ ಗುರುತಿಸುತ್ತವೆ. ಹೊಗೆಯೊಳಗಿನ ಯಾವ ಅಂಶ ಅವನ್ನು ಎಬ್ಬಿಸುತ್ತದೆ ಎಂಬುದನ್ನು ಆಸ್ಟ್ರೇಲಿಯದ ವಿಜ್ಞಾನಿಗಳು 2004ರಲ್ಲಿ ಪತ್ತೆ ಮಾಡಿ ಅದಕ್ಕೆ ಮುಂದೆ ಕ್ಯಾರಿಕಿನ್ ಎಂದು ಹೆಸರಿಟ್ಟರು. ಇನ್ನು ನಮ್ಮ ಕರಾವಳಿಯ ಮುರಕಲ್ಲು ಹಾಸುಗಳ ಮಾತು ಬೇರೆಯೇ. ಬೇಸಿಗೆಯಲ್ಲಿ ಕಾಲಿಟ್ಟರೆ ಸುಡುವ ಬರಿಬಂಡೆ, ಆಗಸ್ಟಿನಲ್ಲಿ ನೀಲಿ ಬಿಳಿ ಹೂಗಳ ಹಾಸು. ನಡುವಿನ ತಿಂಗಳುಗಳಲ್ಲಿ ಆ ಹೂವಿನ ವಂಶ ಎಲ್ಲಿತ್ತು? ಬೆರಳು ದಪ್ಪದ ಮಣ್ಣಿನಲ್ಲಿ, ಬೀಜವಾಗಿ.

ಎಷ್ಟು ಕಾಲ ಕಾದಾವು ಈ ಬೀಜಗಳು? ಮಿಚಿಗನ್‌ನ ಕೃಷಿ ಕಾಲೇಜಿನಲ್ಲಿ ವಿಲಿಯಂ ಜೇಮ್ಸ್ ಬೀಲ್ ಎಂಬ ಸಸ್ಯಶಾಸ್ತ್ರದ ಮೇಷ್ಟ್ರು ಇದನ್ನೇ ಕೇಳಿದರು. ಕಳೆ ಕಿತ್ತೂ ಕಿತ್ತೂ ಸುಸ್ತಾದ ರೈತರಿಗೆ ಎಷ್ಟು ವರ್ಷ ಕಿತ್ತರೆ ಮುಗಿಯುತ್ತದೆಂದು ಹೇಳಬೇಕಿತ್ತು. 1879ರಲ್ಲಿ ಅವರು ಇಪ್ಪತ್ತು ಬಾಟಲಿಗಳಲ್ಲಿ ಒದ್ದೆಮರಳು ತುಂಬಿ, ಇಪ್ಪತ್ತಕ್ಕೂ ಹೆಚ್ಚು ಜಾತಿಗಳ ತಲಾ 50 ಬೀಜ ಹಾಕಿ, ನೀರು ನಿಲ್ಲದಂತೆ ಬಾಯಿ ಕೆಳಮುಖ ಮಾಡಿ ಹೂತಿಟ್ಟರು. ಮೊದಲು ಐದು ವರ್ಷಕ್ಕೊಂದು ಬಾಟಲಿ ತೆಗೆದರು. ಆಮೇಲೆ ಹತ್ತು ವರ್ಷಕ್ಕೊಂದು, ಈಗ ಇಪ್ಪತ್ತು ವರ್ಷಕ್ಕೊಂದು. ಬೀಲ್ 1924ರಲ್ಲಿ ತೀರಿಕೊಂಡರು. ಬಾಟಲಿ ತೆಗೆಯುವುದು ನಿಲ್ಲಲಿಲ್ಲ. ಹೂತ ಜಾಗದ ಗುಟ್ಟು ಒಬ್ಬ ವಿಜ್ಞಾನಿಯಿಂದ ಮತ್ತೊಬ್ಬರಿಗೆ, ಗುರುವಿನಿಂದ ಶಿಷ್ಯರಿಗೆ ದಾಟುತ್ತ ಬಂತು. 2021ರಲ್ಲಿ ಕತ್ತಲಿರುವಾಗಲೇ, ಬೀಜಕ್ಕೆ ಬೆಳಕು ತಾಗದಿರಲೆಂದು, ಮತ್ತೊಂದು ಬಾಟಲಿ ತೆಗೆದರು. ನೂರನಲವತ್ತು ವರ್ಷ ದಾಟಿದ ಬೀಜಗಳು ಮೊಳೆತವು! ಅದರ ಮುಂದಿನ ಬಾಟಲಿ 2040ಕ್ಕೆ. ಕೊನೆಯದು 2100ಕ್ಕೆ.

ತಾನು ಎಂದೂ ನೋಡಲಾರದ ಫಲಿತಾಂಶಕ್ಕಾಗಿ ಒಬ್ಬ ಮೇಷ್ಟ್ರು ಬೀಜ ಹೂತರು. ಹುಟ್ಟದೇ ಇದ್ದವರು ಬಂದು ಅಗೆಯುತ್ತಾರೆಂಬ ನಂಬಿಕೆಯಿಂದ ಹೂತರು. ನಿಮ್ಮ ಮೇಲೆ ಯಾರಾದರೂ ಅಂಥ ನಂಬಿಕೆ ಇಟ್ಟಿದ್ದಾರೆಯೇ ಎಂದು ಕೇಳಿಕೊಳ್ಳಿ. ಇಟ್ಟಿದ್ದಾರೆ. ಈ ನಾಡಿನ ಮಣ್ಣು ಇಟ್ಟಿದೆ.

ಆದರೆ ಉತ್ಸಾಹದಲ್ಲಿ ನಾವು ಸುಳ್ಳು ಹೇಳಬಾರದು. ಮಣ್ಣು ಎಲ್ಲ ಬೀಜವನ್ನೂ ಕಾಪಿಡುವುದಿಲ್ಲ. ದೀರ್ಘಕಾಲ ಕಾಯುವವು ಬಹುಮಟ್ಟಿಗೆ ಸಣ್ಣ ಬೀಜಗಳು, ಗಟ್ಟಿ ಸಿಪ್ಪೆಯವು, ಕಳೆಗಳದು, ಬೇಗ ಬೆಳೆಯುವ ಮುಂಚೂಣಿ ಮರಗಳದು. ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡಿನ ಹಿರಿಯರು ಹಾಗಲ್ಲ. ಧೂಪ, ರಾಮಪತ್ರೆ, ಹೈಗ, ನಮ್ಮ ಹಲಸು ಮಾವುಗಳ ಬೀಜ ಒಣಗಿದರೆ ಸತ್ತಿತು. ಬಿದ್ದ ಕೆಲವೇ ವಾರಗಳಲ್ಲಿ ಮೊಳೆಯಬೇಕು, ಇಲ್ಲವೇ ಮುಗಿಯಿತು. ಆ ಕಾಡು ತನ್ನ ನಾಳೆಯನ್ನು ನೆರಳಿನಲ್ಲಿ ನಿಂತ ಸಣ್ಣ ಸಸಿಗಳ ರೂಪದಲ್ಲಿ ಇಟ್ಟುಕೊಂಡಿರುತ್ತದೆ. ಮೊಣಕಾಲೆತ್ತರದ ಆ ಸಸಿಗಳು ಮೇಲೆ ಕಿಂಡಿ ಬೀಳುವುದನ್ನೇ ಕಾಯುತ್ತ ವರ್ಷಗಟ್ಟಲೆ ನಿಂತಿರುತ್ತವೆ. ಅತ್ತ ಬಂಡೀಪುರ, ನಾಗರಹೊಳೆಗಳ ಒಣಕಾಡಿನಲ್ಲಿ ಎಷ್ಟೋ ಮರಗಳು ಬೀಜಕ್ಕಿಂತ ಹೆಚ್ಚಾಗಿ ಕಡಿದ ಬೊಡ್ಡೆಯಿಂದ, ಬೇರಿನಿಂದ ಮರುಚಿಗುರುತ್ತವೆ. ಅಂದರೆ ಗಿಡವೇ ಇಲ್ಲದ, ಹಕ್ಕಿಯೇ ಬಾರದ, ಹತ್ತಿರದಲ್ಲಿ ತಾಯಿಮರವೇ ಉಳಿಯದ ಜಾಗದಲ್ಲಿ ಮಣ್ಣೊಂದನ್ನೇ ನಂಬಿ ಕೂತರೆ ನಮಗೆ ಸಿಗುವುದು ಕಳೆಯ ಪೊದೆ. ಆ ಜಾಗಕ್ಕೆ ಸಸಿ ಬೇಕು, ನೆಡೋಣ. ಯಾವ ಜಾಗ ಯಾವುದೆಂದು ತಿಳಿಯದೆ ಎಲ್ಲ ಕಡೆಗೂ ಒಂದೇ ಮದ್ದು ಹಚ್ಚುವ ಅವಸರ ಮಾತ್ರ ಬೇಡ.

ಮಣ್ಣಿಗೆ ಬೀಜ ತಂದುಕೊಡುವವರು ಯಾರು? ಪಿಕಳಾರ, ಮಂಗಟ್ಟೆ, ಬಾವಲಿ, ಪುನುಗಿನ ಬೆಕ್ಕು, ಜಿಂಕೆ, ಮುಸಿಯ. ಕಾಡಿನಲ್ಲಿ ನೆಲ್ಲಿಯ ಬೀಜ ಜಿಂಕೆಯ ಹೊಟ್ಟೆಯಲ್ಲಿ ಊರೂರು ತಿರುಗುತ್ತದೆ. ಇವರಿಗೆ ಸಂಬಳವಿಲ್ಲ, ಫೋಟೊ ಇಲ್ಲ, ಉಪ್ಪಿಟ್ಟೂ ಇಲ್ಲ. ಒಂದು ಬೇಲಿಸಾಲಿನ ಆಲ ಅತ್ತಿ ಮರವನ್ನು ನೀವು ಉಳಿಸಿದರೆ ಅದರ ಹಣ್ಣಿಗೆ ಬರುವ ಹಕ್ಕಿಗಳು ಸುತ್ತಲ ಹೊಲಕ್ಕೆಲ್ಲ ಬೀಜ ಸುರಿದು ಹೋಗುತ್ತವೆ. ರಸ್ತೆ ಅಗಲ ಮಾಡಲು ಆ ಮರ ಕಡಿದರೆ? ಬೀಜದ ದಾರಿಯೇ ಕಡಿದಂತೆ.

ಈಗ ಮಣ್ಣಿನ ಮೇಲೆ ನಾವು ಮಾಡುತ್ತಿರುವುದನ್ನು ನೋಡೋಣ. ಇಲ್ಲಿ ಸ್ವಲ್ಪ ನಿಧಾನ ಮಾಡಬೇಕು, ಏಕೆಂದರೆ ಬೇನೆ ಇರುವುದೇ ಇಲ್ಲಿ.

ಉತ್ತರ ಕನ್ನಡದ ಅಡಿಕೆ ತೋಟಗಳಿಗೆ ಸೊಪ್ಪಿನ ಬೆಟ್ಟಗಳಿವೆ. ಬ್ರಿಟಿಷರ ಕಾಲದಿಂದಲೂ ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟವನ್ನು ಬಿಟ್ಟುಕೊಟ್ಟ ಪದ್ಧತಿ ಅದು. ಬೇಸಿಗೆ ಬಂತೆಂದರೆ ಬೆಟ್ಟದ ದರಕು ಗುಡಿಸಿ ಕೊಟ್ಟಿಗೆಗೆ, ತೋಟಕ್ಕೆ ಸಾಗಿಸುತ್ತಾರೆ. ತೋಟ ಬದುಕಬೇಕು, ಸರಿಯೇ. ಆದರೆ ಪ್ರತಿ ವರ್ಷ, ಒಂದೆಲೆಯೂ ಉಳಿಯದಂತೆ, ಪೊರಕೆಯಲ್ಲಿ ಗುಡಿಸಿದರೆ ಎಲೆಯ ಜೊತೆ ಬೀಜವೂ ಹೋಗುತ್ತದೆ, ಸಸಿಯ ಬುಡಕ್ಕಿದ್ದ ತಂಪೂ ಹೋಗುತ್ತದೆ. ಮುದಿಮರಗಳು ನಿಂತಿವೆ, ಅವುಗಳ ಕೆಳಗೆ ಮಕ್ಕಳೇ ಇಲ್ಲ. ಹೀಗಾದ ಬೆಟ್ಟಗಳನ್ನು ಶಿರಸಿ, ಸಿದ್ದಾಪುರದ ಹುಡುಗರು ನನಗಿಂತ ಚೆನ್ನಾಗಿ ಬಲ್ಲರು. ಬೆಟ್ಟವನ್ನು ಪಾಲು ಮಾಡಿ, ಒಂದು ಪಾಲಿನ ದರಕನ್ನು ಕೆಲವು ವರ್ಷ ಮುಟ್ಟದೆ ಬಿಡಲು ನಿಮ್ಮ ಮನೆಯ ಹಿರಿಯರನ್ನು ಒಪ್ಪಿಸುವವರು ನೀವಲ್ಲದೆ ಯಾರು?

ಬೆಂಕಿಯ ಮಾತು ಎತ್ತಿದರೆ ಎರಡು ಪಕ್ಷ ಆಗುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರ ಉರಿದದ್ದು ನಿಮಗೆ ನೆನಪಿರಬಹುದು. ಮಣ್ಣು ಶಾಖವನ್ನು ಸುಲಭವಾಗಿ ಒಳಗೆ ಬಿಡುವುದಿಲ್ಲ. ನೆಲದ ಮೇಲೆ ಉರಿ ಹಾರಿ ಹೋದರೂ ಕೆಲವೇ ಸೆಂಟಿಮೀಟರ್ ಕೆಳಗಿನ ಬೀಜ ಬದುಕಿಕೊಳ್ಳುತ್ತದೆ. ಮೇಲ್ಪದರದಲ್ಲಿದ್ದದ್ದು, ಮೊಣಕಾಲೆತ್ತರ ಬೆಳೆದು ನಿಂತದ್ದು ಮಾತ್ರ ಬೂದಿ. ವರ್ಷ ಬಿಟ್ಟು ವರ್ಷ ಬೇಸಿಗೆಯ ತುದಿಯಲ್ಲಿ ದೊಡ್ಡ ಬೆಂಕಿ ಬಿದ್ದರೆ ಯಾವ ಸಸಿಯೂ ಮರವಾಗುವ ವಯಸ್ಸಿಗೆ ಬರುವುದೇ ಇಲ್ಲ. ಆದರೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನು ಕೇಳಿ. ಅವರ ಹಿರಿಯರು ಬೇಸಿಗೆ ಬಲಿಯುವ ಮುನ್ನವೇ ತರಗು ಬೆಂಕಿ ಹಾಕುತ್ತಿದ್ದರು. ಅದು ನೆಲಕ್ಕೆ ಅಂಟಿಕೊಂಡು ಸಾಗುವ ಮೆಲು ಬೆಂಕಿ. ಕಾಯ್ದೆ ಬಂದು ಅದು ನಿಂತ ಮೇಲೆಯೇ ಲಂಟಾನ ಕಾಡನ್ನು ನುಂಗಿತೆಂದು ಅವರು ಹೇಳುತ್ತಾರೆ. ಆ ಮಾತನ್ನು ಸಂಶೋಧಕರೂ ಗಂಭೀರವಾಗಿ ದಾಖಲಿಸಿದ್ದಾರೆ. ಕಾಡಿನ ಒಳಗೆ ಹುಟ್ಟಿದವರ ಮಾತು ಕೇಳದೆ ಕಾಡು ಉಳಿಸುತ್ತೇವೆ ಎನ್ನುವುದು ಅಹಂಕಾರ ಎಂದೇ ನನ್ನ ಅಭಿಪ್ರಾಯ.

ಲಂಟಾನವೂ ಮಣ್ಣಿನಲ್ಲಿ ಬೀಜ ಕೂಡಿಡುತ್ತದೆ, ಮರೆಯಬೇಡಿ. 19ನೇ ಶತಮಾನದಲ್ಲಿ ಅಲಂಕಾರದ ಗಿಡವಾಗಿ ಬಂದ ಅತಿಥಿ ಇಂದು ನಮ್ಮ ಹುಲಿಕಾಡುಗಳ ನೆಲವನ್ನೇ ಹಿಡಿದಿದೆ. ಅದರ ಜೊತೆಗೆ ಹಳದಿ ಹೂವಿನ ಸೆನ್ನಾ, ಯುಪಟೋರಿಯಂ. ಇತ್ತ ಹೊಲದ ಬದಿಯಲ್ಲಿ ಕಾಂಗ್ರೆಸ್ ಗಿಡ. ಅಕೇಶಿಯಾ ನೆಡುತೋಪು ಕಡಿದ ಜಾಗದಲ್ಲಿ ಮರುಮಳೆಗೆ ಅಕೇಶಿಯಾ ಸಸಿಗಳು ಭತ್ತದ ಅಗೆಯಂತೆ ಏಳುವುದನ್ನು ಮಲೆನಾಡಿನ ಯಾರು ನೋಡಿಲ್ಲ? ಹಾಗಾಗಿ ಜೆಸಿಬಿ ತಂದು ನೆಲವನ್ನು ಬುಡಮೇಲು ಮಾಡಿದಾಗ ಆಗುವುದೇನು? ಆಳದಲ್ಲಿ ಕತ್ತಲಲ್ಲಿದ್ದ ಕಳೆಬೀಜ ಮೇಲೆ ಬಂದು ಬೆಳಕು ಕಾಣುತ್ತದೆ. ಮೇಲಿದ್ದ ಕಾಡಿನ ಬೀಜ ಆಳಕ್ಕೆ ಹೋಗಿ ಸಾಯುತ್ತದೆ. ಹಣ ಕೊಟ್ಟು ಕಳೆ ಬಿತ್ತಿಸಿಕೊಂಡಂತೆ! ದೆಹಲಿ ವಿಶ್ವವಿದ್ಯಾಲಯದ ಪ್ರೊಫೆಸರ್ ಸಿ. ಆರ್. ಬಾಬು ತೋರಿಸಿಕೊಟ್ಟ ದಾರಿ ಇದಕ್ಕೆ ಉತ್ತರ. ಲಂಟಾನದ ಬುಡವನ್ನು ನೆಲದ ಸ್ವಲ್ಪವೇ ಕೆಳಗೆ ಬೇರು ಕೂಡುವಲ್ಲಿ ಕಡಿದು, ಪೊದೆಯನ್ನು ತಲೆಕೆಳಗು ಮಾಡಿ ಒಣಗಲು ಬಿಡುವುದು. ಅಗೆತವಿಲ್ಲ, ನೆಲ ಕದಡುವುದಿಲ್ಲ. ಆದರೆ ಒಂದು ದಿನದ ಶ್ರಮದಾನಕ್ಕೆ ಇದು ಮುಗಿಯದು. ಮರುವರ್ಷ ಬೀಜದಿಂದ ಏಳುವ ಸಸಿಗಳನ್ನು ಕೈಯಿಂದ ಕೀಳಬೇಕು, ಅದರ ಮರುವರ್ಷವೂ ಕೀಳಬೇಕು. ಬ್ಯಾನರ್ ಹಿಡಿಯುವ ಕೈಗಳು ನಮ್ಮಲ್ಲಿ ಬೇಕಾದಷ್ಟಿವೆ. ಮೂರನೇ ವರ್ಷವೂ ಬಂದು ಬಗ್ಗುವ ಬೆನ್ನು ಬೇಕು.

ಗಣಿಗಳ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಕುದುರೆಮುಖದ ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಬಳ್ಳಾರಿ, ಸಂಡೂರಿನ ಬೆಟ್ಟಗಳ ಗಾಯ ಇನ್ನೂ ಕೆಂಪಾಗಿದೆ. ಮೇಲ್ಮಣ್ಣು ಹೋದಲ್ಲಿ ಕಾಡಿನ ನೆನಪೇ ಹೋಯಿತು. ಪಶ್ಚಿಮ ಆಸ್ಟ್ರೇಲಿಯದ ಜಾರಾ ಕಾಡಿನ ಬಾಕ್ಸೈಟ್ ಗಣಿಗಳಲ್ಲಿ ಮೊದಲು ಮೇಲ್ಮಣ್ಣನ್ನೇ ಬೇರೆಯಾಗಿ ಎತ್ತುತ್ತಾರೆ. ರಾಶಿ ಹಾಕಿಟ್ಟರೆ ಬೀಜ ಕೊಳೆಯುತ್ತದೆಂದು, ಅಗೆತ ಮುಗಿದ ಇನ್ನೊಂದು ಗುಂಡಿಯ ಮೇಲೆ ಆದಷ್ಟು ಬೇಗ ಹರಡುತ್ತಾರೆ. ಅಲ್ಲಿ ಸಾಧ್ಯವಾದದ್ದು ಇಲ್ಲಿ ಏಕೆ ಸಾಧ್ಯವಿಲ್ಲ? ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕೂತಿರುವ ನೀವೇ ನಾಳೆ ಆ ಗಣಿಗಳ ನಕ್ಷೆ ಬರೆಯುವವರು. ಮೇಲ್ಮಣ್ಣಿಗೆ ಒಂದು ಗೆರೆ ಎಳೆದಿಡಿ.

ಇದೆಲ್ಲ ದೊಡ್ಡವರ ಕೆಲಸ, ಓದಿದವರ ಕೆಲಸ ಎನ್ನುತ್ತೀರಾ? ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಹಾಲಕ್ಕಿ ಒಕ್ಕಲಿನ ಬಡ ಹೆಣ್ಣುಮಗಳು, ಅರಣ್ಯ ಇಲಾಖೆಯ ಅಗಸೂರು ನರ್ಸರಿಯಲ್ಲಿ ದಶಕಗಟ್ಟಲೆ ಮಣ್ಣು ಹಿಡಿದ ಕೂಲಿಯಾಳು. ಯಾವ ತಾಯಿಮರದ ಬೀಜ ಯಾವಾಗ ಆಯಬೇಕು, ಯಾವುದು ಯಾವ ಮಣ್ಣಿಗೆ ಏಳುತ್ತದೆ ಎಂಬುದು ಅವರಿಗೆ ಬಾಯಿಪಾಠವಾಗಿತ್ತು. ಪದ್ಮಶ್ರೀ ಪಡೆಯಲು ರಾಷ್ಟ್ರಪತಿ ಭವನಕ್ಕೆ ಬರಿಗಾಲಲ್ಲೇ ನಡೆದು ಹೋದರು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಆ ಅಜ್ಜಿಗೆ ಗೊತ್ತಿದ್ದುದರಲ್ಲಿ ನಮಗೆಷ್ಟು ಗೊತ್ತು? ಮೊಳಕೆಯ ಎರಡೆಲೆ ನೋಡಿ ಇದು ಹೊನ್ನೆ, ಇದು ಮತ್ತಿ, ಇದು ನಂದಿ ಎಂದು ಹೇಳಬಲ್ಲವರು ನಿಮ್ಮ ತರಗತಿಯಲ್ಲಿ ಎಷ್ಟು ಮಂದಿ? 1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಸಾಲ್ಕಣಿ ಸುತ್ತಿನ ಯುವಕರು, ಹೆಂಗಸರು ಕೊಡಲಿಗೆ ಅಡ್ಡವಾಗಿ ಮರಗಳನ್ನು ಅಪ್ಪಿಕೊಂಡರು. ಅವರೂ ನಿಮ್ಮ ವಯಸ್ಸಿನವರೇ, ಕೈಯಲ್ಲಿ ಅಧಿಕಾರವಿರಲಿಲ್ಲ, ಕಿಸೆಯಲ್ಲಿ ಕಾಸಿರಲಿಲ್ಲ. ಅವರು ನಿಂತ ಮರವನ್ನು ಉಳಿಸಿದರು. ಇನ್ನೂ ಏಳದ ಮರವನ್ನು ಉಳಿಸುವ ಸರದಿ ನಮ್ಮದು.

ಹಾಗಾದರೆ ಬನ್ನಿ. ಮಳೆ ಹಿಡಿಯುವ ಮುಂಚೆ ಊರ ಗೋಮಾಳದಿಂದಲೋ ನಿಮ್ಮದೇ ಬೆಟ್ಟದಿಂದಲೋ ಒಂದಷ್ಟು ಮೇಲ್ಮಣ್ಣು ತನ್ನಿ, ನಾಲ್ಕೈದು ಸೆಂಟಿಮೀಟರ್ ಆಳದ್ದು ಸಾಕು. ಮೀಸಲು ಅರಣ್ಯವಾದರೆ ಇಲಾಖೆಯ ಅನುಮತಿ ಪಡೆದೇ ಮುಟ್ಟಬೇಕು. ಮರಳು ಹಾಸಿದ ಟ್ರೇಯಲ್ಲಿ ಆ ಮಣ್ಣನ್ನು ತೆಳ್ಳಗೆ ಹರಡಿ. ಗಾಳಿಯಲ್ಲಿ ಹಾರಿಬರುವ ಬೀಜ ಬೀಳದಂತೆ ಸೊಳ್ಳೆಪರದೆಯ ಬಟ್ಟೆ ಕಟ್ಟಿ, ಪಕ್ಕದಲ್ಲಿ ಬರೀ ಮರಳಿನ ಇನ್ನೊಂದು ಟ್ರೇ ಇಡಿ. ಅದರಲ್ಲೂ ಏನಾದರೂ ಮೊಳೆತರೆ ಅದು ಹೊರಗಿನಿಂದ ಬಂದದ್ದೆಂದು ತಿಳಿಯುತ್ತದೆ. ದಿನಾ ನೀರು ಚಿಮುಕಿಸಿ, ಎದ್ದದ್ದನ್ನು ಎಣಿಸಿ, ಗುರುತು ಸಿಗದಿದ್ದರೆ ಕುಂಡಕ್ಕೆ ವರ್ಗಾಯಿಸಿ ಹೂ ಬಿಡುವವರೆಗೆ ಬೆಳೆಸಿ. ಶಿರಸಿಯಲ್ಲಿ, ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜುಗಳಿವೆ, ಗುರುತಿಸಲಾಗದ ಗಿಡದ ಚಿತ್ರ ಅಲ್ಲಿಗೆ ಕಳಿಸಿ. ಕಾಡಿನ ಮರಗಳೇ ಹೆಚ್ಚು ಎದ್ದರೆ ಆ ಜಾಗಕ್ಕೆ ಗುಂಡಿ ತೋಡಬೇಡಿರೆಂದು ಪಂಚಾಯಿತಿಗೆ ಹೇಳಿ, ಬೇಲಿ ಕಟ್ಟಿ, ದನ ಬಿಡದಂತೆ ಊರನ್ನು ಒಪ್ಪಿಸಿ, ಬೆಂಕಿರೇಖೆ ಕಡಿಯಿರಿ. ಬರೀ ಲಂಟಾನ, ಕಾಂಗ್ರೆಸ್ ಎದ್ದರೆ ಅಲ್ಲಿ ಸಸಿ ನೆಡುವ ಕೆಲಸವಿದೆ ಎಂದು ಗೊತ್ತಾಯಿತು. ಯಾವ ಸಸಿ ಎಂದು ಊರಿನ ಹಿರಿಯರನ್ನು ಕೇಳಿ. ಒಂದು ಟ್ರೇ ಮಣ್ಣು ಒಂದು ಊರಿನ ತೀರ್ಮಾನವನ್ನೇ ಬದಲಿಸಬಲ್ಲದು!

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಗೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡಮರ ಪ್ರಾಣಿಗಳ ದಾಖಲೆ ಬರೆದಿಡಬೇಕು. ನಿಮ್ಮ ಎಣಿಕೆ ಸೇರಬೇಕಾದ ಜಾಗ ಅದೇ. ಸಮಿತಿಯಲ್ಲಿ ಯಾರಿದ್ದಾರೆ, ದಾಖಲೆಯ ಪುಸ್ತಕ ಎಲ್ಲಿದೆ, ಸೋಮವಾರ ಪಂಚಾಯಿತಿ ಕಚೇರಿಗೆ ನಾಲ್ಕು ಜನ ಒಟ್ಟಿಗೆ ಹೋಗಿ ಕೇಳಿ. ಪುಸ್ತಕ ಖಾಲಿಯಿದ್ದರೆ ಬರೆಯಲು ನೀವೇ ಕೂತುಕೊಳ್ಳಿ.